ವೆನಿಸ್‌ನಲ್ಲಿ ಒಬ್ಬರೇ ಸುತ್ತುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ವೆನಿಸ್‌ಗೆ ಜೋಡಿಗಳ ಊರು ಎಂಬ ಹೆಸರು ಅಂಟಿಕೊಂಡಿದೆ. ಹಾಗಾಗಿ ಒಬ್ಬರೇ ಇಟಲಿಗೆ ಹೊರಟವರಲ್ಲಿ ಎಷ್ಟೋ ಮಂದಿ ಈ ಊರನ್ನೇ ಬಿಟ್ಟುಬಿಡುತ್ತಾರೆ, ಇಲ್ಲವೇ ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ವಾಪಸಾಗುತ್ತಾರೆ. ಎರಡೂ ನಷ್ಟವೇ. ಕಾರು, ಬೈಕು ಒಂದೂ ಓಡದ ಊರು ಇದು. ರಾತ್ರಿ ಹನ್ನೊಂದಕ್ಕೂ ನಿರಾತಂಕವಾಗಿ ನಡೆಯಬಹುದು. ಒಂದೇ ಸೀಟು ಸಾಕು ಎಂದವರಿಗೆ ಒಪೆರಾದಿಂದ ಹಿಡಿದು ಅರಮನೆಯ ಗೈಡ್ ಪ್ರವಾಸದವರೆಗೆ ಜಾಗ ಸುಲಭವಾಗಿ ಸಿಗುತ್ತದೆ. ಆದರೆ ಇದೆಲ್ಲ ದಕ್ಕಬೇಕಾದರೆ ದ್ವೀಪದೊಳಗೇ ಕನಿಷ್ಠ ಮೂರು ರಾತ್ರಿ ಉಳಿಯಬೇಕು. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಊರು ಒಂದು ದಿನದ ಪ್ರವಾಸಿಗರದ್ದು. ಅದರ ಆಚೀಚಿನ ಹೊತ್ತು ಉಳಿದುಕೊಂಡವರದ್ದು. ಕೆಳಗಿನ ಯೋಜನೆಯೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಯಾವ ತಿಂಗಳು

ಏಪ್ರಿಲ್ ಮತ್ತು ಅಕ್ಟೋಬರ್ ಹವೆ ಹಿತವಾಗಿರುತ್ತದೆ, ಆದರೆ ಕೋಣೆ ದುಬಾರಿ. ಜುಲೈ, ಆಗಸ್ಟ್ ಬೇಡ: ಸೆಕೆ, ಸೊಳ್ಳೆ, ಕಾಲಿಡಲಾಗದಷ್ಟು ಜನ. ಕೈಯಲ್ಲಿ ದುಡ್ಡು ಕಡಿಮೆ ಇದ್ದು ಚಳಿ ತಡೆಯಬಲ್ಲಿರಾದರೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ, ಇಲ್ಲವೇ ಕ್ರಿಸ್‌ಮಸ್-ಹೊಸವರ್ಷದ ರಜೆ ಮುಗಿದ ಮೇಲೆ ಜನವರಿಯಲ್ಲಿ ಹೋಗಿ. ಕೋಣೆಯ ಬೆಲೆ ಬೇಸಿಗೆಯ ಅರ್ಧಕ್ಕೂ ಇಳಿಯುವುದುಂಟು. ಬೆಳಗಿನ ಮಂಜಿನಲ್ಲಿ ಊರು ಅತ್ಯಂತ ಚೆಂದ ಕಾಣುವುದೂ ಆಗಲೇ. ಕಾರ್ನಿವಲ್ ಫೆಬ್ರವರಿಯ ಸುಮಾರಿಗೆ ಬರುತ್ತದೆ. ಮುಖವಾಡ ನೋಡುವ ಆಸೆ ಇಲ್ಲದಿದ್ದರೆ ಆ ವಾರಗಳನ್ನು ತಪ್ಪಿಸಿ.

ವೀಸಾ, ಹಣ, ಪ್ರವೇಶ ಶುಲ್ಕ

ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಇದ್ದರೂ ಅದನ್ನು ನಂಬಿ ಕೂರಬೇಡಿ. ಎರಡು-ಮೂರು ತಿಂಗಳ ಮೊದಲೇ ಅಪಾಯಿಂಟ್‌ಮೆಂಟ್ ಹಿಡಿಯಿರಿ. 2024ರ ಜೂನ್‌ನಿಂದ ವೀಸಾ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಒಬ್ಬರೇ ಹೋಗುವಾಗ ದಿನವಹಿ ಪ್ರಯಾಣ ವಿವರ ಸ್ಪಷ್ಟವಾಗಿರಲಿ. ಯಾವ ರಾತ್ರಿ ಎಲ್ಲಿ ಎಂಬುದು ಕೋಣೆ ಬುಕಿಂಗ್ ಜೊತೆ ಹೊಂದದಿದ್ದರೆ ಅಲ್ಲಿಂದಲೇ ಪ್ರಶ್ನೆ ಶುರುವಾಗುತ್ತದೆ.

ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಒಯ್ಯಿರಿ, ಎರಡನ್ನೂ ಒಂದೇ ಜೇಬಿನಲ್ಲಿ ಇಡಬೇಡಿ. ಜೊತೆಗೆ ಯಾರೂ ಇಲ್ಲದಾಗ ಒಂದು ಕಾರ್ಡ್ ಕಳೆದುಹೋದರೆ ಸಾಲ ಕೇಳಲೂ ಜನ ಇರುವುದಿಲ್ಲ. ಕಾಲುವೆ ದಾಟಿಸುವ ಟ್ರಾಗೆತ್ತೊ ದೋಣಿ, ಶೌಚಾಲಯ, ಸಣ್ಣ ಬಾರ್‌ಗಳಿಗೆಂದು ಒಂದಿಷ್ಟು ಚಿಲ್ಲರೆ ಇರಲಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ. ಎರಡು ತೆಳು ಪಿನ್ನಿನ ಚಾರ್ಜರ್ ನೇರವಾಗಿ ಕೂರುತ್ತದೆ.

2024ರಿಂದ ವೆನಿಸ್ ನಗರಾಡಳಿತ ವಸಂತ ಮತ್ತು ಬೇಸಿಗೆಯ ಆಯ್ದ ದಿನಗಳಲ್ಲಿ ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಒಂದು ದಿನದ ಪ್ರವಾಸಿಗರಿಂದ ಪ್ರವೇಶ ಶುಲ್ಕ ವಸೂಲಿ ಮಾಡುತ್ತದೆ. 2025ರಲ್ಲಿ ನಾಲ್ಕು ದಿನ ಮುಂಚೆ ಕಟ್ಟಿದವರಿಗೆ 5 ಯೂರೊ, ತಡ ಮಾಡಿದವರಿಗೆ 10 ಯೂರೊ ಇತ್ತು. ನಗರದಲ್ಲಿ ರಾತ್ರಿ ಉಳಿಯುವವರಿಗೆ ಇದು ಇಲ್ಲ, ಏಕೆಂದರೆ ಅವರು ಹೋಟೆಲಿನಲ್ಲೇ ಪ್ರವಾಸಿ ತೆರಿಗೆ ಕಟ್ಟಿರುತ್ತಾರೆ. ಆದರೂ ನಗರಾಡಳಿತದ ಪೋರ್ಟಲ್‌ನಲ್ಲಿ ವಿನಾಯಿತಿಯ ಕ್ಯೂಆರ್ ಕೋಡ್ ಪಡೆದು ಫೋನಿನಲ್ಲಿ ಇಟ್ಟುಕೊಳ್ಳಬೇಕು. ‘ನನಗೆ ಅನ್ವಯಿಸುವುದಿಲ್ಲ’ ಎಂದು ಕೋಡ್ ಪಡೆಯದೆ ಬಂದವರು ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

ಎಲ್ಲಿ ಉಳಿಯುವುದು

ಇಡೀ ಪ್ರವಾಸದ ಗುಣ ನಿರ್ಧಾರವಾಗುವುದು ಇಲ್ಲೇ. ಮೆಸ್ತ್ರೆ ಎಂಬ ಒಳನಾಡಿನ ಭಾಗದಲ್ಲಿ ಕೋಣೆ ಅಗ್ಗ, ರೈಲಿನಲ್ಲಿ ಹತ್ತು-ಹನ್ನೆರಡು ನಿಮಿಷದ ದಾರಿ. ಆದರೆ ಅಲ್ಲಿ ಉಳಿದರೆ ಬೆಳಿಗ್ಗೆ ಆರರ ಸಾನ್ ಮಾರ್ಕೊ ಚೌಕವೂ ಇಲ್ಲ, ರಾತ್ರಿಯ ನಿಶ್ಶಬ್ದ ಕಾಲುವೆಯೂ ಇಲ್ಲ. ನೀವೂ ಎಲ್ಲರ ಜೊತೆ ಹತ್ತಕ್ಕೆ ಬಂದು ಐದಕ್ಕೆ ಹೊರಡುವವರ ಸಾಲಿಗೆ ಸೇರುತ್ತೀರಿ. ಒಂದು ರಾತ್ರಿ ಕಡಿಮೆ ಮಾಡಿಯಾದರೂ ದ್ವೀಪದೊಳಗೇ ಉಳಿಯಿರಿ.

ಊರಿಗೆ ಆರು ವಿಭಾಗಗಳಿವೆ: ಸಾನ್ ಮಾರ್ಕೊ, ಕಸ್ತೆಲ್ಲೊ, ಕನ್ನರೇಜೊ, ಸಾನ್ ಪೋಲೊ, ಸಾಂತಾ ಕ್ರೋಚೆ, ದೊರ್ಸೊದೂರೊ. ಒಬ್ಬರೇ ಬರುವವರಿಗೆ ಮೊದಲ ಆಯ್ಕೆ ಕನ್ನರೇಜೊ. ರೈಲು ನಿಲ್ದಾಣದಿಂದ ಬ್ಯಾಗ್ ಎಳೆದುಕೊಂಡು ಹೋಗಲು ಸೇತುವೆ ಕಡಿಮೆ, ಸ್ಥಳೀಯರು ವಾಸಿಸುವ ಬೀದಿಗಳು, ಮಿಸೆರಿಕೋರ್ದಿಯಾ ಮತ್ತು ಒರ್ಮೆಸೀನಿ ಕಾಲುವೆ ದಂಡೆಗಳಲ್ಲಿ ಸಂಜೆ ನಿಂತು ತಿನ್ನುವ ಬಾರ್‌ಗಳ ಸಾಲು, ದ್ವೀಪಗಳಿಗೆ ದೋಣಿ ಹೊರಡುವ ಫೊಂದಾಮೆಂತೆ ನೋವೆ ಹತ್ತಿರ. ಎರಡನೆಯದು ದೊರ್ಸೊದೂರೊ: ವಿದ್ಯಾರ್ಥಿಗಳ ಓಡಾಟ, ಮ್ಯೂಸಿಯಂಗಳು, ಸೂರ್ಯಾಸ್ತಕ್ಕೆ ಜತ್ತೆರೆ ದಂಡೆ. ಸಾನ್ ಮಾರ್ಕೊದಲ್ಲಿ ಕೋಣೆ ಹಿಡಿಯಬೇಡಿ. ಹೆಚ್ಚು ಕೊಟ್ಟು ಹೆಚ್ಚು ಗದ್ದಲ ಕೊಂಡಂತಾಗುತ್ತದೆ.

ಡಬಲ್ ಕೋಣೆಯ ಬೆಲೆಯನ್ನು ಒಬ್ಬರೇ ಕೊಡುವುದು ಹೊರೆ. ಹಳೆಯ ಸಣ್ಣ ಹೋಟೆಲುಗಳಲ್ಲಿ ನಿಜವಾದ ಸಿಂಗಲ್ ಕೋಣೆಗಳಿರುತ್ತವೆ, ಬುಕಿಂಗ್ ಜಾಲತಾಣದಲ್ಲಿ ‘ಸಿಂಗೋಲಾ’ ಎಂದು ಹುಡುಕಿ. ಕ್ರೈಸ್ತ ಮಠಗಳು ನಡೆಸುವ ಅತಿಥಿಗೃಹಗಳು ಶುಚಿ ಮತ್ತು ಸುರಕ್ಷಿತ. ಕೆಲವು ಕಡೆ ರಾತ್ರಿ ಬಾಗಿಲು ಹಾಕುವ ಸಮಯ ಗೊತ್ತುಪಡಿಸಿರುತ್ತಾರೆ, ಒಪೆರಾ ಟಿಕೆಟ್ ಇದ್ದರೆ ಮೊದಲೇ ಕೇಳಿಕೊಳ್ಳಿ. ಬುಕ್ ಮಾಡುವ ಮುನ್ನ ಎರಡು ಪ್ರಶ್ನೆ ತಪ್ಪದೆ ಕೇಳಿ: ಲಿಫ್ಟ್ ಇದೆಯೇ, ಹತ್ತಿರದ ದೋಣಿ ನಿಲ್ದಾಣದಿಂದ ಬಾಗಿಲಿಗೆ ಎಷ್ಟು ಸೇತುವೆ? ಸೇತುವೆ ಎಂದರೆ ಮೆಟ್ಟಿಲು ಹತ್ತಿ ಇಳಿಯುವುದು. ಹತ್ತು ಕಿಲೋಗಿಂತ ಹೆಚ್ಚಿನ ಸಾಮಾನು ಒಯ್ದರೆ ಮೂರನೇ ಸೇತುವೆಯ ಹೊತ್ತಿಗೆ ತೋಳು ಬಿದ್ದುಹೋಗುತ್ತದೆ.

ಊರು ತಲುಪುವುದು

ಮಾರ್ಕೊ ಪೋಲೊ ವಿಮಾನ ನಿಲ್ದಾಣದಿಂದ ಅಗ್ಗದ ದಾರಿ ಬಸ್ಸು. ನಗರ ಸಾರಿಗೆ ಸಂಸ್ಥೆ ಎಸಿಟಿವಿಯ 5ನೇ ನಂಬರ್ ಅಥವಾ ಎಟಿವಿಒ ಕಂಪನಿಯ ಎಕ್ಸ್‌ಪ್ರೆಸ್ ಹತ್ತಿದರೆ ಅರ್ಧ ಗಂಟೆಯೊಳಗೆ ಪಿಯಾತ್ಸಾಲೆ ರೋಮಾ ತಲುಪುತ್ತದೆ. ವಾಹನಗಳಿಗೆ ಅದೇ ಕೊನೆ, ಅಲ್ಲಿಂದಾಚೆಗೆ ದೋಣಿ ಅಥವಾ ಕಾಲು. ಅಲಿಲಗೂನಾ ದೋಣಿ ನಿಧಾನ, ದುಬಾರಿ. ಆದರೆ ಉತ್ತರ ಕನ್ನರೇಜೊದಲ್ಲಿ ಕೋಣೆ ಇದ್ದು ಸಾಮಾನು ಭಾರವಿದ್ದರೆ ಅದೇ ಸರಿ. ವಾಟರ್ ಟ್ಯಾಕ್ಸಿ ನೂರು ಯೂರೊ ದಾಟುತ್ತದೆ, ಒಬ್ಬರಿಗೆ ಅದು ದಂಡ.

ರೈಲಿನಲ್ಲಿ ಬರುವವರು ಇಳಿಯಬೇಕಾದದ್ದು ‘ವೆನೆತ್ಸಿಯಾ ಸಾಂತಾ ಲುಚೀಯಾ’ದಲ್ಲಿ. ಅದಕ್ಕೆ ಮೊದಲು ಬರುವ ‘ವೆನೆತ್ಸಿಯಾ ಮೆಸ್ತ್ರೆ’ಯಲ್ಲಿ ಹೆಸರು ನೋಡಿ ಗಡಿಬಿಡಿಯಲ್ಲಿ ಇಳಿಯುವವರು ದಿನವೂ ಇದ್ದಾರೆ. ನೀರು ದಾಟಿದ ಮೇಲೆ ಇಳಿಯಿರಿ, ಅಷ್ಟೇ ಲೆಕ್ಕ.

ವಿಳಾಸ ಮತ್ತು ದಾರಿ

ವೆನಿಸ್‌ನಲ್ಲಿ ಮನೆ ಸಂಖ್ಯೆ ಬೀದಿಯದ್ದಲ್ಲ, ಇಡೀ ವಿಭಾಗದ್ದು. ವಿಳಾಸದಲ್ಲಿ ಬರೀ ಕನ್ನರೇಜೊ ಮತ್ತು ಒಂದು ನಾಲ್ಕಂಕಿಯ ಸಂಖ್ಯೆ ಇದ್ದರೆ ಅಂಚೆಯವರಿಗೆ ಸಾಕು, ನಿಮಗೆ ಸಾಲದು. ಒಂದೇ ಹೆಸರಿನ ಓಣಿಗಳು ಬೇರೆ ಬೇರೆ ವಿಭಾಗಗಳಲ್ಲಿ ಇರುತ್ತವೆ. ಆದ್ದರಿಂದ ಹೋಟೆಲಿನಿಂದ ವಿಳಾಸದ ಜೊತೆಗೆ ಓಣಿಯ ಹೆಸರು, ಹತ್ತಿರದ ಚರ್ಚ್ ಅಥವಾ ಸೇತುವೆ, ದೋಣಿ ನಿಲ್ದಾಣ ಇಷ್ಟನ್ನೂ ಬರೆಸಿಕೊಳ್ಳಿ. ಊರಿನ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಡೌನ್‌ಲೋಡ್ ಮಾಡಿಡಿ.

ಎತ್ತರದ ಗೋಡೆಗಳ ನಡುವಿನ ಇಕ್ಕಟ್ಟಿನ ಓಣಿಯಲ್ಲಿ ಫೋನಿನ ಜಿಪಿಎಸ್ ಪಕ್ಕದ ಓಣಿಗೆ ಜಿಗಿಯುತ್ತದೆ. ನೀಲಿ ಚುಕ್ಕೆ ನಂಬಿ ನಡೆದವರು ಓಣಿ ಕೊನೆಯಾಗುವ ನೀರಿನ ಮೆಟ್ಟಿಲಿಗೆ ಬಂದು ನಿಲ್ಲುತ್ತಾರೆ. ಪರಿಹಾರ ಗೋಡೆಯ ಮೇಲೆಯೇ ಇದೆ. ಬಿಳಿ ಬಣ್ಣ ಬಳಿದು ಕಪ್ಪಕ್ಷರದಲ್ಲಿ ಬರೆದ ಫಲಕ ಓಣಿಯ ಹೆಸರು ಹೇಳುತ್ತದೆ. ಹಳದಿ ಫಲಕದ ಬಾಣ ರಿಯಾಲ್ತೊ, ಸಾನ್ ಮಾರ್ಕೊ, ಅಕಾದೆಮಿಯಾ, ಫೆರ್ರೊವೀಯಾ (ರೈಲು ನಿಲ್ದಾಣ) ಎಂಬ ದೊಡ್ಡ ಗುರಿಗಳನ್ನು ತೋರಿಸುತ್ತದೆ. ಹೋಟೆಲಿಗೆ ಹತ್ತಿರದ ದೊಡ್ಡ ಗುರಿ ಯಾವುದೆಂದು ಗೊತ್ತಿದ್ದರೆ ಎಲ್ಲಿಂದ ಬೇಕಾದರೂ ಹಳದಿ ಫಲಕ ಹಿಡಿದು ಮರಳಬಹುದು. ಮುಖ್ಯ ಕಾಲುವೆ, ಅಂದರೆ ಗ್ರ್ಯಾಂಡ್ ಕೆನಾಲ್, ದಾಟಲು ಇರುವುದು ನಾಲ್ಕೇ ಸೇತುವೆ: ಕೊಸ್ತಿತುತ್ಸಿಯೋನೆ, ಸ್ಕಾಲ್ತ್ಸಿ, ರಿಯಾಲ್ತೊ, ಅಕಾದೆಮಿಯಾ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದವರು ಎದುರಿಗೇ ಕಾಣುವ ಕಟ್ಟಡಕ್ಕೆ ಅರ್ಧ ಗಂಟೆ ಸುತ್ತಿ ಬರುತ್ತಾರೆ. ಕೊಸ್ತಿತುತ್ಸಿಯೋನೆಯ ಗಾಜಿನ ಮೆಟ್ಟಿಲು ಮಳೆಯಲ್ಲಿ ಜಾರುತ್ತದೆ. ನಡುವಿನ ಕಲ್ಲಿನ ಭಾಗದಲ್ಲಿ ನಡೆಯಿರಿ.

ಓಣಿಯಲ್ಲಿ ಬಲಕ್ಕೆ ನಡೆಯುವುದು, ಸೇತುವೆಯ ನಡುವೆ ಫೋಟೊಕ್ಕೆ ನಿಲ್ಲದಿರುವುದು ಸ್ಥಳೀಯರು ಬಯಸುವ ಮರ್ಯಾದೆ. ಅವರಿಗೆ ಅದು ಕೆಲಸಕ್ಕೆ ಹೋಗುವ ದಾರಿ.

ದೋಣಿ ಬಸ್ಸು

ವಪೊರೆತ್ತೊ ಇಲ್ಲಿನ ಸಿಟಿ ಬಸ್ಸು. 2025ರ ದರದಲ್ಲಿ 75 ನಿಮಿಷದ ಒಂದು ಟಿಕೆಟ್ 9.50 ಯೂರೊ, 24 ಗಂಟೆಯ ಪಾಸ್ 25, 48ಕ್ಕೆ 35, 72ಕ್ಕೆ 45, ಏಳು ದಿನಕ್ಕೆ 65. ಗಂಟೆ ಎಣಿಕೆ ಶುರುವಾಗುವುದು ಕೊಂಡಾಗಲ್ಲ, ಮೊದಲ ಸಲ ಯಂತ್ರಕ್ಕೆ ಮುಟ್ಟಿಸಿದಾಗ. ಪ್ರತಿ ಸಲ ಹತ್ತುವ ಮುನ್ನವೂ ಮುಟ್ಟಿಸಬೇಕು, ಮರೆತರೆ ದಂಡ. ವಿಮಾನ ನಿಲ್ದಾಣದ ಬಸ್ಸು ಸಾಮಾನ್ಯ ಪಾಸ್‌ನಲ್ಲಿ ಸೇರುವುದಿಲ್ಲ, ಕೊಳ್ಳುವಾಗ ಹೆಚ್ಚುವರಿ ಕೊಟ್ಟು ಸೇರಿಸಿಕೊಳ್ಳಬೇಕು. ಅಲಿಲಗೂನಾ ಬೇರೆಯೇ ಕಂಪನಿ, ಅದರಲ್ಲಿ ಈ ಪಾಸ್ ನಡೆಯುವುದಿಲ್ಲ. 29 ವರ್ಷದವರೆಗಿನವರು ‘ರೋಲಿಂಗ್ ವೆನಿಸ್’ ಕಾರ್ಡ್ ಕೇಳಿ, 72 ಗಂಟೆಯ ಪಾಸ್ ಅಗ್ಗವಾಗುತ್ತದೆ.

ನಾಲ್ಕು ದಿನವೂ ಪಾಸ್ ಬೇಕಿಲ್ಲ. ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಗಂಟೆಯ ನಡಿಗೆ, ಅಷ್ಟೇ. ದ್ವೀಪಗಳಿಗೆ ಹೋಗುವ ದಿನಕ್ಕೆ 24 ಗಂಟೆಯ ಪಾಸ್ ಕೊಂಡು, ಅದೇ ಪಾಸಿನಲ್ಲಿ ರಾತ್ರಿ ಗ್ರ್ಯಾಂಡ್ ಕೆನಾಲ್ ಪಯಣವನ್ನೂ ಮುಗಿಸುವುದು ಜಾಣತನ. ಅದಕ್ಕೆ 1ನೇ ನಂಬರಿನ ದೋಣಿಯನ್ನು ರಾತ್ರಿ ಎಂಟೂವರೆಯ ನಂತರ ಪಿಯಾತ್ಸಾಲೆ ರೋಮಾದಲ್ಲೇ ಹತ್ತಿ, ಏಕೆಂದರೆ ಅದು ಹೊರಡುವ ಜಾಗ, ಬಯಲಿನ ಸೀಟು ಹಿಡಿಯಲು ಅಲ್ಲಿ ಮಾತ್ರ ಅವಕಾಶ. ಸುಮಾರು 3.8 ಕಿ.ಮೀ. ಉದ್ದದ ಕಾಲುವೆಯಲ್ಲಿ ಸಾನ್ ಮಾರ್ಕೊಗೆ ಮುಕ್ಕಾಲು ಗಂಟೆ. ಕತ್ತಲಾದ ಮೇಲೆ ಅರಮನೆಗಳ ಮೊದಲ ಮಹಡಿಯ ದೀಪ ಹತ್ತಿರುತ್ತದೆ. ಬಣ್ಣದ ಮರದ ತೊಲೆಗಳ ಚಾವಣಿ, ಗಾಜಿನ ತೂಗುದೀಪ ಕಿಟಕಿಯೊಳಗಿಂದ ಕಾಣುತ್ತವೆ. ಹಗಲಲ್ಲಿ ಇದು ಕಾಣುವುದಿಲ್ಲ.

ಗೊಂಡೊಲಾದ ಅಧಿಕೃತ ದರ 2023ರ ಕೊನೆಯಿಂದ ಅರ್ಧ ಗಂಟೆಗೆ 90 ಯೂರೊ, ಸಂಜೆ 7ರ ನಂತರ 35 ನಿಮಿಷಕ್ಕೆ 110. ದರ ದೋಣಿಗೆ, ತಲೆಗಲ್ಲ; ಐವರವರೆಗೆ ಕೂರಬಹುದು. ಒಬ್ಬರಿಗೆ ಇಷ್ಟು ಕೊಡುವ ಅಗತ್ಯ ಕಾಣುವುದಿಲ್ಲ. ರಿಯಾಲ್ತೊ ಮಾರುಕಟ್ಟೆ ಎದುರಿನ ಸಾಂತಾ ಸೋಫೀಯಾದಲ್ಲಿ ಟ್ರಾಗೆತ್ತೊ ಎಂಬ ಹುಟ್ಟುದೋಣಿ 2 ಯೂರೊಗೆ ಕಾಲುವೆ ದಾಟಿಸುತ್ತದೆ. ಎರಡು ನಿಮಿಷದ ಪಯಣವಾದರೂ ನೀರಿನ ಮಟ್ಟದಿಂದ ಊರನ್ನು ನೋಡಿದ್ದಾಗುತ್ತದೆ. ಇನ್ನೂ ಒಳಗೆ ಇಳಿಯುವ ಆಸೆ ಇದ್ದರೆ ‘ರೋ ವೆನಿಸ್’ ಸಂಸ್ಥೆಯ ಮಹಿಳೆಯರು ನಿಂತು ಹುಟ್ಟು ಹಾಕುವ ವೆನಿಸ್ ಪದ್ಧತಿಯನ್ನು ಕಲಿಸುತ್ತಾರೆ. ಗೊಂಡೊಲಾದ ಹಣವನ್ನು ಅಲ್ಲಿ ಖರ್ಚು ಮಾಡುವುದು ಎಷ್ಟೋ ಮೇಲು.

ನೋಡುವ ಕ್ರಮ

ಮೊದಲ ದಿನ ಸೂರ್ಯೋದಯಕ್ಕೆ ಸಾನ್ ಮಾರ್ಕೊ ಚೌಕದಲ್ಲಿರಿ. ಕಸ ಗುಡಿಸುವವರು, ಒಂದಿಬ್ಬರು ಫೋಟೊಗ್ರಾಫರ್‌ಗಳು ಬಿಟ್ಟರೆ ಯಾರಿಲ್ಲ. ಬೆಸಿಲಿಕಾ ಎಂಬ ದೊಡ್ಡ ಚರ್ಚ್, ಅರಮನೆ, 98.6 ಮೀಟರ್ ಎತ್ತರದ ಗಂಟೆಗೋಪುರ ಮೂರನ್ನೂ ಹೊರಗಿನಿಂದ ನಿಧಾನವಾಗಿ ನೋಡಿ. ಈ ಗೋಪುರ 1902ರ ಜುಲೈ 14ರಂದು ಕುಸಿದು, 1912ರಲ್ಲಿ ಇದ್ದ ಹಾಗೆಯೇ ಮತ್ತೆ ಎದ್ದದ್ದು. ಬೆಸಿಲಿಕಾಕ್ಕೆ ಆನ್‌ಲೈನ್‌ನಲ್ಲಿ ದಿನದ ಮೊದಲ ಸರದಿಯ ಟಿಕೆಟ್ ಹಿಡಿಯಿರಿ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು, ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಹಿಂದಿನ ವೆನಿಸ್ ಗಣರಾಜ್ಯದ ಮುಖ್ಯಸ್ಥನಾದ ಡೋಜೆಯ ಅರಮನೆಗೆ ಸಾಮಾನ್ಯ ಟಿಕೆಟಿನ ಬದಲು ‘ಇತಿನೆರಾರಿ ಸೆಗ್ರೇತಿ’ ಎಂಬ ಗೈಡ್ ಪ್ರವಾಸ ಆರಿಸಿ. ಸಣ್ಣ ಗುಂಪು, ಬೇಗ ಭರ್ತಿಯಾಗುತ್ತದೆ, ಆದರೆ ಒಂಟಿ ಸೀಟು ಆಗಾಗ ಉಳಿದಿರುತ್ತದೆ. ಗುಪ್ತ ಕಚೇರಿಗಳು, ಸೀಸದ ಚಾವಣಿಯ ಕೆಳಗಿನ ಸೆರೆಕೋಣೆಗಳು, 1756ರಲ್ಲಿ ಸಾಹಸಿ ಕಸನೋವಾ ಸೆರೆಯಿಂದ ತಪ್ಪಿಸಿಕೊಂಡ ದಾರಿ ಇದರಲ್ಲಿ ಮಾತ್ರ ಸಿಗುವುದು.

ಗೋಪುರ ಹತ್ತಲು ಸಾನ್ ಮಾರ್ಕೊದಲ್ಲಿ ಸಾಲು ನಿಲ್ಲಬೇಡಿ. ಸಾನ್ ಜಕರೀಯಾದಿಂದ 2ನೇ ನಂಬರಿನಲ್ಲಿ ಒಂದೇ ನಿಲ್ದಾಣ ದಾಟಿ ವಾಸ್ತುಶಿಲ್ಪಿ ಪಲ್ಲಾದಿಯೊ ವಿನ್ಯಾಸದ ಸಾನ್ ಜೋರ್ಜೊ ಮಜ್ಜೋರೆ ಚರ್ಚ್‌ಗೆ ಹೋಗಿ. ಅಲ್ಲೂ ಲಿಫ್ಟ್ ಇದೆ, ಜನ ಕಡಿಮೆ, ಸಾನ್ ಮಾರ್ಕೊ ಸಮೇತ ಇಡೀ ಊರು ಎದುರಿಗೆ ಕಾಣುತ್ತದೆ.

ಗದ್ದಲದ ಹೊತ್ತಿಗೆ ಚಾವಣಿಯ ಕೆಳಗೆ ಸೇರಿಕೊಳ್ಳುವುದು ಸರಿಯಾದ ಉಪಾಯ. ಅದಕ್ಕೆ ಧಾರ್ಮಿಕ ಸಂಘವೊಂದರ ಸಭಾಭವನವಾದ ಸ್ಕುವೋಲಾ ಗ್ರಾಂದೆ ದಿ ಸಾನ್ ರೊಕ್ಕೊಗಿಂತ ಒಳ್ಳೆಯ ಜಾಗವಿಲ್ಲ. ತಿಂತೊರೆತ್ತೊ 1564ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಇದರ ಗೋಡೆ, ಚಾವಣಿಗಳಿಗೆ ಚಿತ್ರ ಬರೆದ. ಮೇಲಿನ ಸಭಾಂಗಣದಲ್ಲಿ ಕೈಗನ್ನಡಿಗಳನ್ನು ಇಟ್ಟಿರುತ್ತಾರೆ. ಒಂದನ್ನು ಎತ್ತಿಕೊಂಡು ಹೊಟ್ಟೆಯ ಮಟ್ಟಕ್ಕೆ ಮಲಗಿಸಿ ಹಿಡಿದು ನಿಧಾನವಾಗಿ ನಡೆಯಿರಿ. ಕತ್ತು ನೋಯಿಸಿಕೊಳ್ಳದೆ ಚಾವಣಿಯ ಚಿತ್ರ ಅಂಗುಲ ಅಂಗುಲವಾಗಿ ಕೈಗೆ ಬರುತ್ತದೆ. ಬಗಲಲ್ಲೇ ಇರುವ ಫ್ರಾರಿ ಚರ್ಚ್‌ನಲ್ಲಿ ತಿತ್ಸಿಯಾನೊ 1518ರಲ್ಲಿ ಮುಗಿಸಿದ ‘ಅಸ್ಸೂಂತಾ’ (ಮೇರಿಯ ಸ್ವರ್ಗಾರೋಹಣ) ಚಿತ್ರ ಇದೆ, ಯಾವ ಪೀಠಕ್ಕೆಂದು ಬರೆದನೋ ಅಲ್ಲೇ. ಎರಡಕ್ಕೂ ಸೇರಿ ಎರಡೂವರೆ ಗಂಟೆ ಕೊಡಿ.

ದ್ವೀಪಗಳ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಫೊಂದಾಮೆಂತೆ ನೋವೆಯಿಂದ 12ನೇ ನಂಬರು ಹತ್ತಿ. ಗಾಜಿನ ಕೆಲಸಕ್ಕೆ ಹೆಸರಾದ ಮುರಾನೊದಲ್ಲಿ ಇಳಿಯದೆ ನೇರ ಬುರಾನೊ ತಲುಪಿ ಬಣ್ಣದ ಮನೆಗಳನ್ನು ಜನ ಬರುವ ಮುನ್ನ ನೋಡಿ. ಆಮೇಲೆ 9ನೇ ನಂಬರಿನಲ್ಲಿ ಐದೇ ನಿಮಿಷದ ತೊರ್ಚೆಲ್ಲೊಗೆ ಹೋಗಿ. ಅಲ್ಲಿನ ಕಥೀಡ್ರಲ್ ಸ್ಥಾಪನೆಯಾದದ್ದು 639ರಲ್ಲಿ, ಒಳಗಿನ ‘ಕೊನೆಯ ತೀರ್ಪು’ ಮೊಸಾಯಿಕ್ ಒಂದಕ್ಕೇ ಹೋಗಿ ಬರಬಹುದು. ಮುರಾನೊವನ್ನು ವಾಪಸು ದಾರಿಗೆ ಇಟ್ಟುಕೊಳ್ಳಿ. ಸಂಜೆ ನಾಲ್ಕರ ಸುಮಾರಿಗೆ ಬುರಾನೊದ ಸಾಲು ಉದ್ದವಾಗಿ ದೋಣಿ ತಪ್ಪುತ್ತದೆ, ಅದಕ್ಕೂ ಮುಂಚೆ ಹೊರಡಿ. ‘ಮುರಾನೊಗೆ ಉಚಿತ ದೋಣಿ’ ಎಂದು ಕರೆದವರ ಹಿಂದೆ ಹೋಗಬೇಡಿ. ಅದು ನೇರ ಗಾಜಿನ ಅಂಗಡಿಗೆ ಹೋಗುತ್ತದೆ, ಒಬ್ಬರೇ ಇದ್ದಾಗ ಕೊಳ್ಳದೆ ಹೊರಬರುವುದು ಕಷ್ಟ.

ಊಟ

ಒಬ್ಬರೇ ಇರುವವರಿಗೆ ವೆನಿಸ್ ಕೊಟ್ಟ ವರ ಬಾಕರೊ ಎಂಬ ಸಣ್ಣ ಬಾರ್. ಕೌಂಟರಿನ ಗಾಜಿನೊಳಗೆ ಚಿಕ್ಕೆತ್ತಿ ಎಂಬ ಸಣ್ಣ ತಿನಿಸುಗಳು ಸಾಲಾಗಿರುತ್ತವೆ. ಬೆರಳು ತೋರಿಸಿ ಎರಡು-ಮೂರು ಆರಿಸಿಕೊಳ್ಳುವುದು, ಸಣ್ಣ ಲೋಟದ ವೈನೋ ನೀರೋ ಹಿಡಿದು ನಿಂತೇ ತಿನ್ನುವುದು ಪದ್ಧತಿ. ಒಂದಕ್ಕೆ ಸುಮಾರು 2ರಿಂದ 4 ಯೂರೊ. ಎಲ್ಲರೂ ನಿಂತೇ ತಿನ್ನುವುದರಿಂದ ಒಬ್ಬರೇ ಎಂಬುದನ್ನು ಯಾರೂ ಗಮನಿಸುವುದಿಲ್ಲ. ದೊರ್ಸೊದೂರೊದಲ್ಲಿ ಸಾನ್ ತ್ರೊವಾಜೊ ಗೊಂಡೊಲಾ ದುರಸ್ತಿ ಕಟ್ಟೆಯ ಎದುರು ದಂಡೆ, ರಿಯಾಲ್ತೊ ಮಾರುಕಟ್ಟೆಯ ಹಿಂದಿನ ಓಣಿಗಳು, ಕನ್ನರೇಜೊದ ಕಾಲುವೆ ದಂಡೆಗಳು ಇದಕ್ಕೆ ಹೆಸರಾದವು. ಕೌಂಟರಿನಲ್ಲಿ ನಿಂತರೆ ಕಾಫಿಗೆ ಒಂದು ಬೆಲೆ, ಮೇಜಿಗೆ ಕೂತರೆ ಇನ್ನೊಂದು. ಸಾನ್ ಮಾರ್ಕೊ ಚೌಕದಲ್ಲಿ ವಾದ್ಯಗೋಷ್ಠಿ ನಡೆಯುವಾಗ ಕೂತರೆ ಸಂಗೀತಕ್ಕೂ ಬೇರೆ ದರ.

ಸಸ್ಯಾಹಾರಿಗಳು ಇಲ್ಲಿ ಎಚ್ಚರ ವಹಿಸಬೇಕು, ಕಡಲಿನ ಊರು ಇದು. ಬಾಕಲಾ ಮಂತೆಕಾತೊ ಬೆಳ್ಳಗೆ ಬೆಣ್ಣೆಯಂತೆ ಕಂಡರೂ ಮೀನು. ಬೀಗೊಲಿ ಇನ್ ಸಾಲ್ಸಾ ಎಂಬ ಪಾಸ್ತಾ ಈರುಳ್ಳಿಯ ಸಾರಿನಂತೆ ಕಂಡರೂ ಅದರಲ್ಲಿ ಆಂಚೊವಿ ಮೀನಿದೆ. ಕರಿದ ಮೊಟ್ಜರೆಲ್ಲಾ ಇನ್ ಕರ್ರೋತ್ಸಾ ಒಳಗೆ ಹಂದಿಮಾಂಸ ಅಥವಾ ಆಂಚೊವಿ ಇಟ್ಟಿರುತ್ತಾರೆ. ಬಟಾಣಿ ಅನ್ನದ ರೀಸಿ ಎ ಬೀಸಿಗೂ ಹಂದಿಮಾಂಸದ ಚೂರು ಬೀಳುತ್ತದೆ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’, ಅಂದರೆ ಮಾಂಸ ಬೇಡ, ಮೀನು ಬೇಡ, ಎಂದು ಎರಡನ್ನೂ ಹೇಳಿ; ಬರೀ ಮಾಂಸ ಬೇಡ ಎಂದರೆ ಮೀನು ಬರುತ್ತದೆ. ನಿಶ್ಚಿಂತೆಯಿಂದ ಕೇಳಬಹುದಾದ್ದು ಆರ್ಟಿಚೋಕ್‌ನ ಬುಡ, ಮೆಕ್ಕೆಜೋಳದ ಹಿಟ್ಟಿನ ಹುರಿದ ಪೊಲೆಂತಾ, ಚೀಸ್-ಆಕ್ರೋಟದ ಬ್ರೆಡ್ಡು, ಸುಟ್ಟ ತರಕಾರಿ, ಚಳಿಗಾಲದಲ್ಲಿ ರಾದಿಕ್ಕಿಯೊ ಎಂಬ ಕಹಿ ಸೊಪ್ಪು. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಯಿಸಲು ಪ್ರಾಣಿಜನ್ಯ ರೆನೆಟ್ ಬಳಸುತ್ತಾರೆ ಎಂಬುದೂ ಕಟ್ಟುನಿಟ್ಟಿನವರ ಗಮನದಲ್ಲಿರಲಿ.

ರೆಸ್ಟೋರೆಂಟಿಗೆ ಹೋಗುವ ಆಸೆಯಿದ್ದರೆ ಬಾಗಿಲು ತೆರೆಯುವ ಸಂಜೆ 7ಕ್ಕೆ ಹೋಗಿ. ಎಂಟೂವರೆಗೆ ಒಬ್ಬರಿಗೆ ಇಡೀ ಮೇಜು ಕೊಡಲು ಮಾಲೀಕರು ಹಿಂಜರಿಯುತ್ತಾರೆ. ಮೆನುವಿನಲ್ಲಿ ರಿಸೊತ್ತೊ ಎಂಬ ಅನ್ನದ ಖಾದ್ಯದ ಪಕ್ಕ ‘ಮೀನಿಮೊ ದೂಯೆ ಪೆರ್ಸೋನೆ’ ಎಂದಿದ್ದರೆ ಇಬ್ಬರಿಗಿಂತ ಕಡಿಮೆಗೆ ಮಾಡುವುದಿಲ್ಲ ಎಂದರ್ಥ, ಹೊಸದಾಗಿ ಬೇಯಿಸಬೇಕಾದ್ದರಿಂದ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ಬರುವ ಕೆಲವು ಯೂರೊ ಮೇಜಿನ ಶುಲ್ಕ, ಮೋಸವಲ್ಲ. ಕುಡಿಯುವ ನೀರನ್ನು ಕೊಳ್ಳಬೇಡಿ. ಚೌಕಗಳ ನಲ್ಲಿಗಳಲ್ಲಿ ಹರಿಯುವ ನೀರು ಶುದ್ಧ.

ಸಂಜೆ ಮತ್ತು ರಾತ್ರಿ

1996ರಲ್ಲಿ ಸುಟ್ಟು 2003ರಲ್ಲಿ ಮತ್ತೆ ತೆರೆದ ಲಾ ಫೆನೀಚೆ ಒಪೆರಾ ಮಂದಿರದಲ್ಲಿ ಜೋಡಿ ಸೀಟುಗಳು ಮುಗಿದ ಮೇಲೂ ಒಂಟಿ ಸೀಟು ಸಿಗುತ್ತದೆ. ಅಗ್ಗದ ಟಿಕೆಟಿನ ಮೇಲೆ ‘ವಿಸಿಬಿಲಿತಾ ರಿದೋತ್ತಾ’ ಎಂದಿದ್ದರೆ ವೇದಿಕೆ ಪೂರ್ತಿ ಕಾಣುವುದಿಲ್ಲ, ಸಂಗೀತ ಮಾತ್ರ ಪೂರ್ತಿ ಕೇಳುತ್ತದೆ. ಒಪೆರಾ ಬೇಡವೆಂದರೆ ಜತ್ತೆರೆ ದಂಡೆಯಲ್ಲಿ ಸೂರ್ಯಾಸ್ತ ನೋಡಿ, ಅಲ್ಲಿಂದ ಸಾಂತಾ ಮಾರ್ಗೆರೀತಾ ಚೌಕಕ್ಕೆ ನಡೆದುಹೋಗಿ; ರಾತ್ರಿಯೂ ಜನ ಇರುವ ಜಾಗ ಅದು.

ಊರಿನಲ್ಲಿ ಹಿಂಸೆಯ ಭಯ ಬಹಳ ಕಡಿಮೆ, ಮಹಿಳೆಯರಿಗೂ. ಜೇಬುಗಳ್ಳರು ರಿಯಾಲ್ತೊ ಸೇತುವೆ, ವಪೊರೆತ್ತೊ ಹತ್ತುವ ನೂಕುನುಗ್ಗಲು, ರೈಲು ನಿಲ್ದಾಣದ ಟಿಕೆಟ್ ಯಂತ್ರದ ಬಳಿ ಇರುತ್ತಾರೆ. ಕತ್ತಲಲ್ಲಿ ನಿಜವಾದ ಅಪಾಯ ನೀರು. ಎಷ್ಟೋ ದಂಡೆಗಳಿಗೆ ಕಂಬಿಯಿಲ್ಲ, ನೀರಿಗಿಳಿವ ಮೆಟ್ಟಿಲುಗಳ ಹಸಿರು ಪಾಚಿ ಭಯಂಕರ ಜಾರುತ್ತದೆ. ಫೋಟೊಕ್ಕಾಗಿ ಹಸಿರು ಬಣ್ಣದ ಮೆಟ್ಟಿಲಿಗೆ ಕಾಲಿಡಲೇಬೇಡಿ, ಎತ್ತಲು ಜೊತೆಗಾರರಿಲ್ಲ. ತುರ್ತು ಸಂಖ್ಯೆ 112. ಕಾಲುವೆಯಲ್ಲಿ ಈಜಿದರೆ, ಸಾನ್ ಮಾರ್ಕೊದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕೂತರೆ, ಪಾರಿವಾಳಕ್ಕೆ ಕಾಳು ಹಾಕಿದರೆ ದಂಡ ಬೀಳುತ್ತದೆ.

ನೀರೇರಿದಾಗ

ಅಕ್ಟೋಬರ್‌ನಿಂದ ಜನವರಿವರೆಗೆ ಉಬ್ಬರದ ಜೊತೆ ದಕ್ಷಿಣದ ಗಾಳಿ ಸೇರಿದರೆ ಸಮುದ್ರ ಊರೊಳಗೆ ಬರುತ್ತದೆ. 2019ರ ನವೆಂಬರ್ 12ರಂದು ಉಬ್ಬರದ ಮಟ್ಟ 187 ಸೆಂ.ಮೀ. ಮುಟ್ಟಿತ್ತು. 2020ರ ಅಕ್ಟೋಬರ್‌ನಿಂದ ಮೋಸೆ ಎಂಬ ತಡೆಗೇಟುಗಳು ದೊಡ್ಡ ಉಬ್ಬರವನ್ನು ಸಮುದ್ರದ ಬಾಯಲ್ಲೇ ತಡೆಯುತ್ತಿವೆ. ಆದರೆ ಅವನ್ನು ಎತ್ತುವುದು ಸುಮಾರು 110 ಸೆಂ.ಮೀ. ಮುನ್ಸೂಚನೆ ಇದ್ದಾಗ, ಊರಿನ ತಗ್ಗಿನ ಜಾಗವಾದ ಸಾನ್ ಮಾರ್ಕೊ ಚೌಕ ಅದಕ್ಕೂ ಎಷ್ಟೋ ಮೊದಲೇ ಒದ್ದೆಯಾಗುತ್ತದೆ. ನಗರಾಡಳಿತದ ಉಬ್ಬರ ಮುನ್ಸೂಚನೆಯನ್ನು ಬೆಳಿಗ್ಗೆ ನೋಡಿಕೊಂಡು ಚೌಕದ ಭೇಟಿಯನ್ನು ಕೆಲವು ಗಂಟೆ ಹಿಂದುಮುಂದು ಮಾಡಿದರೆ ಸಾಕು, ನೀರು ಉಬ್ಬರ ಇಳಿದಂತೆ ಇಳಿಯುತ್ತದೆ.

ಹೊರಡುವ ದಿನ

ಎರಡು ದಿನ ಮೊದಲೇ ‘ಶೋಪೆರೊ’, ಅಂದರೆ ಸಾರಿಗೆ ಮುಷ್ಕರ, ಇದೆಯೇ ಎಂದು ಹೋಟೆಲಿನಲ್ಲಿ ಕೇಳಿ. ಮುಷ್ಕರದ ದಿನವೂ ಕೆಲವು ದೋಣಿ, ಬಸ್ಸು ಓಡುತ್ತವೆ, ಆದರೆ ಗಂಟೆಗಟ್ಟಲೆ ಕಾಯಿಸುತ್ತವೆ. ಆ ದಿನ ಪಿಯಾತ್ಸಾಲೆ ರೋಮಾಕ್ಕೆ ನಡೆದೇ ಹೋಗುವಷ್ಟು ಸಮಯ ಇಟ್ಟುಕೊಳ್ಳಿ. ಗಾಜು ಕೊಂಡಿದ್ದರೆ ಅದರ ಮೇಲೆ ‘ವೆತ್ರೊ ಆರ್ತಿಸ್ತಿಕೊ ಮುರಾನೊ’ ಚೀಟಿ ಇದೆಯೇ ನೋಡಿ, ಕೈಬ್ಯಾಗಿನಲ್ಲೇ ಇಡಿ. 70 ಯೂರೊ ಮೀರಿದ ಖರೀದಿಗೆ ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ತೆರಿಗೆ ಮರುಪಾವತಿಯ ಫಾರಂ ಮಾಡಿಸಿಕೊಳ್ಳಬಹುದು. ಅದರ ಕಸ್ಟಮ್ಸ್ ಅನುಮೋದನೆ ಆಗಬೇಕಾದದ್ದು ನೀವು ಯುರೋಪಿಯನ್ ಒಕ್ಕೂಟ ಬಿಡುವ ಕೊನೆಯ ವಿಮಾನ ನಿಲ್ದಾಣದಲ್ಲಿ. ದುಬೈ ಅಥವಾ ದೋಹಾ ಮೂಲಕ ಬೆಂಗಳೂರಿಗೆ ಬರುವವರಿಗೆ ಅದು ವೆನಿಸ್. ಫ್ರಾಂಕ್‌ಫರ್ಟ್ ಮೂಲಕ ಕೈಬ್ಯಾಗಿನಲ್ಲಿ ಗಾಜು ತರುವವರಿಗೆ ಅದು ಫ್ರಾಂಕ್‌ಫರ್ಟ್.